ಎಳೆಯ ಫುಟ್‌ಬಾಲ್ ಆಟಗಾರರಿಗೆ ಎಕ್ಸೆಂಟ್ರಿಕ್ ವ್ಯಾಯಾಮ: ಹತ್ತು ವಾರಗಳ ಸಮಗ್ರ ಮಾರ್ಗದರ್ಶಿ

ನಮ್ಮಲ್ಲಿ ಮಕ್ಕಳ ಫುಟ್‌ಬಾಲ್ ತರಬೇತಿ ಎಂದರೆ ಮೊದಲು ಓಟ. ಮೈದಾನದ ಸುತ್ತ ಐದು ಸುತ್ತು, ಆಮೇಲೆ ಸ್ಪ್ರಿಂಟ್, ಆಮೇಲೆ ಆಟ. ವೇಗ ಹೆಚ್ಚಿಸುವುದಕ್ಕೆ ಎಲ್ಲರೂ ಸಮಯ ಕೊಡುತ್ತಾರೆ. ಆ ವೇಗವನ್ನು ತಡೆಯುವುದನ್ನು ಕಲಿಸುವವರು ಕಡಿಮೆ. ಪಂದ್ಯವನ್ನು ಒಮ್ಮೆ ಗಮನವಿಟ್ಟು ನೋಡಿ. ಜಾಣ ವಿಂಗರ್ ಡಿಫೆಂಡರನ್ನು ದಾಟುವ ಮೊದಲು ತಟ್ಟನೆ ನಿಲ್ಲುತ್ತಾನೆ. ಹೆಡ್ ಮಾಡಲು ಹಾರಿದವಳು ಪಕ್ಕದವಳ ಭುಜ ತಗುಲಿ ಓರೆಯಾಗಿ, ಒಂಟಿ ಕಾಲಿನ ಮೇಲೆ ಇಳಿಯುತ್ತಾಳೆ. ಚೆಂಡಿಗೆ ಒದ್ದ ಕಾಲನ್ನು ಗಾಳಿಯಲ್ಲಿ ಹಿಡಿದು ನಿಲ್ಲಿಸುವುದು ಹಿಂತೊಡೆಯ ಸ್ನಾಯು. ಅಷ್ಟು ಹೊತ್ತು ಇಡೀ ಮೈಯ ಭಾರ ಹೊರುವುದು ಊರಿದ ಇನ್ನೊಂದು ಕಾಲು.

ಇವೆಲ್ಲ ಸ್ನಾಯು ಉದ್ದವಾಗುತ್ತಲೇ ಬಲ ಹಾಕುವ ಕೆಲಸಗಳು. ಇದನ್ನೇ ಎಕ್ಸೆಂಟ್ರಿಕ್ ಬಲ ಎನ್ನುತ್ತಾರೆ. ಸೊಂಟದ ಮೇಲಿನ ತುಂಬಿದ ಕೊಡವನ್ನು ಚೆಲ್ಲದಂತೆ ನೆಲಕ್ಕೆ ಇಳಿಸುವಾಗ ತೋಳು ಮಾಡುವುದು ಇದೇ ಕೆಲಸ: ತೋಳು ಬಿಚ್ಚಿಕೊಳ್ಳುತ್ತಿರುತ್ತದೆ, ಆದರೂ ಸ್ನಾಯು ಬಿಗಿಯಾಗಿಯೇ ಇರುತ್ತದೆ. ಹುಡುಗರ ಸಮತೋಲನ, ನೆಗೆತ, ಚಿಮ್ಮುವ ಶಕ್ತಿ ಎಲ್ಲವೂ ಈ ತಡೆಯುವ ಬಲದ ಮೇಲೆ ನಿಂತಿವೆ ಎಂಬುದು ನನ್ನ ಗಟ್ಟಿ ನಂಬಿಕೆ. ಈ ಮಾರ್ಗದರ್ಶಿ 13ರಿಂದ 17 ವರ್ಷದವರಿಗೆ. ಜಿಮ್ ಬೇಕಾಗಿಲ್ಲ, ಒಂದು ಮೆಟ್ಟಿಲು, ಒಂದು ಟವೆಲ್, ಅಳತೆ ಟೇಪು, ಮರಳು ತುಂಬಿದ ಒಂದು ಶಾಲಾ ಚೀಲ ಸಾಕು.

ಮೊದಲು ತಿಳಿದಿರಬೇಕಾದ ಒಂದು ವಿಷಯ

1952ರಲ್ಲಿ ಅಬಟ್, ಬಿಗ್ಲೆಂಡ್ ಮತ್ತು ರಿಚಿ ಎಂಬ ಬ್ರಿಟಿಷ್ ವಿಜ್ಞಾನಿಗಳು ಒಂದು ಸೊಗಸಾದ ಪ್ರಯೋಗವನ್ನು ಪ್ರಕಟಿಸಿದರು. ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ನಿಲ್ಲಿಸಿ ಸರಪಳಿಯಿಂದ ಜೋಡಿಸಿದರು. ಒಬ್ಬರು ಮುಂದಕ್ಕೆ ತುಳಿಯಬೇಕು, ಇನ್ನೊಬ್ಬರು ಪೆಡಲನ್ನು ತಡೆಯಬೇಕು. ಇಬ್ಬರೂ ಹಾಕುವ ಬಲ ಒಂದೇ. ಆದರೆ ತಡೆದವರು ಬಳಸಿದ ಆಮ್ಲಜನಕ ತುಳಿದವರಿಗಿಂತ ಬಹಳ ಕಡಿಮೆಯಿತ್ತು.

ತರಬೇತುದಾರರಿಗೆ ಇದರಲ್ಲಿ ಒಂದು ಲಾಭವಿದೆ, ಒಂದು ಅಪಾಯವೂ ಇದೆ. ಎತ್ತುವಾಗ ಹಾಕಬಲ್ಲದ್ದಕ್ಕಿಂತ ಹೆಚ್ಚಿನ ಬಲವನ್ನು ಸ್ನಾಯು ಇಳಿಸುವಾಗ ಹಾಕುತ್ತದೆ, ಅದೂ ಕಡಿಮೆ ಉಸಿರಿನಲ್ಲಿ. ಹಾಗಾಗಿ ಸ್ವಲ್ಪ ಹೊತ್ತಿನಲ್ಲೇ ಒಳ್ಳೆಯ ಬಲ ಬರುತ್ತದೆ. ಅದೇ ಕಾರಣಕ್ಕೆ ಹುಡುಗ ಏದುಸಿರು ಬಿಡುವುದಿಲ್ಲ, ಬೆವರುವುದೂ ಕಡಿಮೆ. ನೋಡಿದವರಿಗೆ ‘ಇವನಿಗೆ ಇನ್ನೂ ಶಕ್ತಿಯಿದೆ’ ಎನಿಸಿ ಇನ್ನೆರಡು ಸುತ್ತು ಮಾಡಿಸುತ್ತಾರೆ. ಎರಡು ದಿನದ ಬಳಿಕ ಅದೇ ಹುಡುಗ ಶಾಲೆಯ ಮೆಟ್ಟಿಲು ಇಳಿಯಲಾರದೆ ಕಂಬಿ ಹಿಡಿದು ನಿಂತಿರುತ್ತಾನೆ. ಈ ಬಗೆಯ ವ್ಯಾಯಾಮದ ಮೈನೋವು ತಡವಾಗಿ, ಸಾಮಾನ್ಯವಾಗಿ 24ರಿಂದ 72 ಗಂಟೆಗಳ ನಡುವೆ ಹೆಚ್ಚುತ್ತದೆ. ಆದ್ದರಿಂದ ಉಸಿರು ನೋಡಿ ಪ್ರಮಾಣ ನಿರ್ಧರಿಸಬೇಡಿ. ಬರೆದಿಟ್ಟ ಸಂಖ್ಯೆಗೆ ಬದ್ಧರಾಗಿರಿ. ಸಮಾಧಾನದ ಸಂಗತಿಯೆಂದರೆ, ಹಗುರವಾದ ಮೊದಲ ಸುತ್ತಿಗೇ ಸ್ನಾಯು ಪಾಠ ಕಲಿಯುತ್ತದೆ. ಮುಂದಿನ ಬಾರಿ ಅದೇ ಕೆಲಸಕ್ಕೆ ಅಷ್ಟು ನೋವು ಬರುವುದಿಲ್ಲ.

ಹಂತ 1: ಯಾರು ಸಿದ್ಧರಿದ್ದಾರೆ?

ಬಲದ ವ್ಯಾಯಾಮ ಮಾಡಿದರೆ ಮಕ್ಕಳು ಕುಳ್ಳಗಾಗುತ್ತಾರೆ ಎಂಬ ಭಯ ಪೋಷಕರಲ್ಲಿ ಇನ್ನೂ ಇದೆ. ಅದಕ್ಕೆ ಆಧಾರವಿಲ್ಲ. ಸರಿಯಾದ ಕ್ರಮ ಮತ್ತು ದೊಡ್ಡವರ ಮೇಲ್ವಿಚಾರಣೆ ಇದ್ದರೆ ಮಕ್ಕಳಿಗೂ ಬಲದ ತರಬೇತಿ ಸುರಕ್ಷಿತ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ ಹೇಳುತ್ತದೆ. ವಯಸ್ಸಿಗಿಂತ ಮುಖ್ಯವಾದ ಪ್ರಶ್ನೆ: ಹೇಳಿದ್ದನ್ನು ಕೇಳಿ, ತೋರಿಸಿದಂತೆ ಮಾಡುವ ತಾಳ್ಮೆ ಮಗುವಿಗೆ ಇದೆಯೇ?

ನಿಜವಾಗಿ ಗಮನಿಸಬೇಕಾದದ್ದು ದಿಢೀರ್ ಬೆಳವಣಿಗೆ. ಹುಡುಗಿಯರಲ್ಲಿ ಸುಮಾರು 12, ಹುಡುಗರಲ್ಲಿ ಸುಮಾರು 14ನೇ ವಯಸ್ಸಿನಲ್ಲಿ ಎತ್ತರ ಅತಿ ವೇಗವಾಗಿ ಏರುತ್ತದೆ. ಮೊದಲು ಕಾಲು ಉದ್ದವಾಗುತ್ತದೆ, ಮುಂಡ ಆಮೇಲೆ. ನಿನ್ನೆಯವರೆಗೆ ಚೆಂದವಾಗಿ ಚೆಂಡು ನಿಲ್ಲಿಸುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ ತನ್ನ ಕಾಲಿಗೆ ತಾನೇ ಎಡವುತ್ತಾನೆ. ಅವನು ಸೋಮಾರಿಯಾಗಿಲ್ಲ, ಹೊಸ ಉದ್ದದ ಕಾಲನ್ನು ಅವನ ನರಮಂಡಲ ಇನ್ನೂ ಅರಿತಿಲ್ಲ. ಪ್ರತಿ ಮೂರು ತಿಂಗಳಿಗೊಮ್ಮೆ ಎಲ್ಲರ ಎತ್ತರವನ್ನು ಗೋಡೆಗೆ ನಿಲ್ಲಿಸಿ ಅಳೆದು ಬರೆದಿಡಿ. ಮೂರು ತಿಂಗಳಲ್ಲಿ 2 ಸೆಂಟಿಮೀಟರಿಗಿಂತ ಹೆಚ್ಚು ಬೆಳೆದವರಿಗೆ ನಾನು ಭಾರ ಮತ್ತು ನೆಗೆತಗಳನ್ನು ಅರ್ಧಕ್ಕೆ ಇಳಿಸಿ, ಸಮತೋಲನದ ಅಭ್ಯಾಸ ಹೆಚ್ಚಿಸುತ್ತೇನೆ.

ಹಂತ 2: ಅಳತೆ

ಆರಂಭಿಸುವ ಮೊದಲೇ ನಾಲ್ಕು ವಿಷಯ ದಾಖಲಿಸಿ. ಒಂದು, ಕಣ್ಣು ಮುಚ್ಚಿ ಒಂಟಿ ಕಾಲಿನಲ್ಲಿ ಎಷ್ಟು ಸೆಕೆಂಡು ನಿಲ್ಲಬಲ್ಲರು. ಎರಡು, ನಿಂತಲ್ಲಿಂದಲೇ ಎರಡೂ ಕಾಲಿನಲ್ಲಿ ಎಷ್ಟು ದೂರ ನೆಗೆಯುತ್ತಾರೆ. ಮೂರು, ಒಂಟಿ ಕಾಲಿನಲ್ಲಿ ನೆಗೆದು ಅದೇ ಕಾಲಿನ ಮೇಲೆ ಅಲುಗಾಡದೆ ಇಳಿದ ದೂರ, ಎರಡೂ ಕಾಲಿಗೆ ಬೇರೆ ಬೇರೆಯಾಗಿ.

ನಾಲ್ಕನೆಯದು ಎಲ್ಲಕ್ಕಿಂತ ಉಪಯುಕ್ತ. ನೆಲದ ಮೇಲೆ ಮೂರು ಟೇಪುಗಳನ್ನು ವೈ ಆಕಾರದಲ್ಲಿ ಅಂಟಿಸಿ: ಒಂದು ಮುಂದಕ್ಕೆ, ಎರಡು ಹಿಂದಕ್ಕೆ ಓರೆಯಾಗಿ, ಹಿಂದಿನ ಎರಡರ ನಡುವೆ 90 ಡಿಗ್ರಿ ಕೋನ. ಮಗು ನಡುವೆ ಒಂಟಿ ಕಾಲಿನಲ್ಲಿ ನಿಂತು, ಸೊಂಟದ ಮೇಲೆ ಕೈಯಿಟ್ಟು, ಇನ್ನೊಂದು ಕಾಲನ್ನು ಪ್ರತಿ ಗೆರೆಯ ಮೇಲೂ ಆದಷ್ಟು ದೂರ ಚಾಚಿ, ತುದಿಯಿಂದ ಮೆಲ್ಲಗೆ ಮುಟ್ಟಿ, ಬೀಳದೆ ಹಿಂತಿರುಗಬೇಕು. ಊರಿದ ಹಿಮ್ಮಡಿ ಏಳಬಾರದು. ಮೂರು ದೂರಗಳನ್ನು ಕೂಡಿಸಿ, ಕಾಲಿನ ಉದ್ದದ ಮೂರು ಪಟ್ಟಿನಿಂದ ಭಾಗಿಸಿ, 100ರಿಂದ ಗುಣಿಸಿದರೆ ಆ ಕಾಲಿನ ಅಂಕ ಸಿಗುತ್ತದೆ. ಮುಂದಕ್ಕೆ ಹೋಗುವ ಗೆರೆಯಲ್ಲಿ ಎಡ ಮತ್ತು ಬಲ ಕಾಲುಗಳ ನಡುವೆ 4 ಸೆಂಟಿಮೀಟರಿಗಿಂತ ಹೆಚ್ಚಿನ ವ್ಯತ್ಯಾಸವಿದ್ದರೆ ಆ ಮಗುವನ್ನು ಗುರುತಿಸಿಟ್ಟುಕೊಳ್ಳಿ. ದುರ್ಬಲ ಕಾಲಿಗೆ ಪ್ರತಿ ವ್ಯಾಯಾಮದಲ್ಲೂ ಒಂದು ಸುತ್ತು ಹೆಚ್ಚು ಕೊಡಿ. ಒದೆಯುವ ಕಾಲು ಗಟ್ಟಿ ಇರುತ್ತದೆ ಎಂದು ಮೊದಲೇ ತೀರ್ಮಾನಿಸಬೇಡಿ. ವರ್ಷಗಟ್ಟಲೆ ಭಾರ ಹೊತ್ತು ನಿಂತಿರುವುದು ಇನ್ನೊಂದು ಕಾಲು.

ಹಂತ 3: ಮೊದಲ ಎರಡು ವಾರ, ಇಳಿಯುವುದನ್ನು ಕಲಿಸಿ

ಅಭ್ಯಾಸದ ಪ್ರತಿ ದಿನವೂ ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡೇ ಆರಂಭಿಸಬೇಕು. ಹಗುರ ಓಟ, ಪಕ್ಕದ ಹೆಜ್ಜೆ, ಕಾಲು ಬೀಸುವುದು, ಒಂದೆರಡು ಮಧ್ಯಮ ವೇಗದ ಓಟ. ವಾರಕ್ಕೆ ಎರಡು ದಿನ, ನಡುವೆ ಕನಿಷ್ಠ 48 ಗಂಟೆ ಬಿಡುವು.

ನಿಧಾನ ಬಸ್ಕಿಯಿಂದ ಆರಂಭಿಸಿ. ಗರಡಿಯ ವೇಗದ ಬಸ್ಕಿಗೂ ಇದಕ್ಕೂ ಕ್ರಮವೇ ಬೇರೆ. ಹಿಮ್ಮಡಿ ನೆಲದಲ್ಲಿ, ಎದೆ ಎತ್ತರದಲ್ಲಿ. ನಾಲ್ಕು ಎಣಿಸುತ್ತ ಇಳಿಯಬೇಕು, ಕೆಳಗೆ ಒಂದು ಎಣಿಕೆ ನಿಲ್ಲಬೇಕು, ಸಹಜ ವೇಗದಲ್ಲಿ ಏಳಬೇಕು. ಗಟ್ಟಿಯಾಗಿ ಎಣಿಸುವವರು ನೀವೇ ಆಗಿರಿ, ಏಕೆಂದರೆ ಮಕ್ಕಳ ನಾಲ್ಕು ಸೆಕೆಂಡು ಎರಡಕ್ಕೇ ಮುಗಿಯುತ್ತದೆ. 6 ಬಾರಿಯ 2 ಸುತ್ತು ಸಾಕು.

ಎರಡನೆಯದು ಮೆಟ್ಟಿಲಿನಿಂದ ಇಳಿಯುವುದು. ನನ್ನ ಮಟ್ಟಿಗೆ ಸಮತೋಲನಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಯಾಮವಿಲ್ಲ. ಸುಮಾರು 15ರಿಂದ 20 ಸೆಂಟಿಮೀಟರ್ ಎತ್ತರದ ಮೆಟ್ಟಿಲ ಅಂಚಿನಲ್ಲಿ ಒಂಟಿ ಕಾಲಿನಲ್ಲಿ ನಿಂತು, ಇನ್ನೊಂದು ಕಾಲಿನ ಹಿಮ್ಮಡಿ ನೆಲಕ್ಕೆ ತಾಗುವವರೆಗೆ ನಾಲ್ಕು ಎಣಿಸುತ್ತ ಇಳಿಯಬೇಕು. ತಾಗಿದರೆ ಸಾಕು, ಭಾರ ಬಿಡಬಾರದು. ಎದುರಿಗೆ ಕುಳಿತು ಮಂಡಿಯನ್ನೇ ನೋಡಿ. ಅದು ಎರಡನೇ ಕಾಲ್ಬೆರಳಿನ ನೇರಕ್ಕೆ ಇರಬೇಕು. ಒಳಗೆ ವಾಲಿದರೆ, ಅಥವಾ ಎತ್ತಿದ ಕಾಲಿನ ಕಡೆಗೆ ಸೊಂಟ ಕುಸಿದರೆ, ಪೃಷ್ಠದ ಪಕ್ಕದ ಸ್ನಾಯು ಸೋಲುತ್ತಿದೆ ಎಂದರ್ಥ. ಮೆಟ್ಟಿಲಿನ ಎತ್ತರ ತಗ್ಗಿಸಿ; ಒಂದೆರಡು ಇಟ್ಟಿಗೆಯಷ್ಟು ಎತ್ತರ ಸಾಕು. ಪ್ರತಿ ಕಾಲಿಗೆ 6 ಬಾರಿ, 2 ಸುತ್ತು.

ಮೂರನೆಯದು ಒಂಟಿ ಕಾಲಿನ ಬಾಗುವಿಕೆ. ಮಂಡಿಯನ್ನು ಚೂರೇ ಮಡಿಸಿ, ಬೆನ್ನು ನೇರವಾಗಿಟ್ಟು ಸೊಂಟದಿಂದ ಮುಂದಕ್ಕೆ ಬಾಗುತ್ತ ಇನ್ನೊಂದು ಕಾಲನ್ನು ಹಿಂದಕ್ಕೆ ಚಾಚಬೇಕು. ಹಿಂತೊಡೆ ಉದ್ದವಾಗುತ್ತ ಬಲ ಹಾಕುವುದನ್ನು ಮಗು ಇಲ್ಲಿ ಮೊದಲ ಬಾರಿಗೆ ಅನುಭವಿಸುತ್ತದೆ. ಇದೂ 6 ಬಾರಿಯ 2 ಸುತ್ತು.

ಮೂರನೇ ವಾರದಿಂದ ಈ ಮೂರನ್ನೂ 8 ಬಾರಿಗೆ ಏರಿಸಿ. ಐದನೇ ವಾರದಲ್ಲಿ, ಮಂಡಿ ನೇರವಾಗಿ ನಿಲ್ಲುವವರಿಗೆ ಮಾತ್ರ, 3ರಿಂದ 5 ಕಿಲೋ ಮರಳಿನ ಚೀಲವನ್ನು ಎದೆಗೆ ಅವಚಿಕೊಂಡು ಮಾಡಲು ಬಿಡಿ.

ಹಂತ 4: ನಾರ್ಡಿಕ್

ಮೂರನೇ ವಾರ ನಾರ್ಡಿಕ್ ಬರುತ್ತದೆ: ಮಂಡಿಯೂರಿ ಮುಂದಕ್ಕೆ ವಾಲುತ್ತ, ಬೀಳುವುದನ್ನು ಹಿಂತೊಡೆಯಿಂದ ತಡೆಯುವ ವ್ಯಾಯಾಮ. ವೇಗದ ಓಟದಲ್ಲಿ ಪಾದ ನೆಲಕ್ಕೆ ತಾಗುವ ತುಸು ಮೊದಲು, ಮುಂದಕ್ಕೆ ಬೀಸಿದ ಕಾಲನ್ನು ಹಿಂತೊಡೆ ತಡೆಯುತ್ತದೆ. ಸ್ಪ್ರಿಂಟ್‌ನಲ್ಲಿ ಸ್ನಾಯು ಹರಿಯುವುದು ಹೆಚ್ಚಾಗಿ ಆ ಹೊತ್ತಿನಲ್ಲಿ. ಅದೇ ಕೆಲಸಕ್ಕೆ ಸ್ನಾಯುವನ್ನು ಸಿದ್ಧಪಡಿಸುವ ವ್ಯಾಯಾಮ ಇದು. ಡೆನ್ಮಾರ್ಕಿನಲ್ಲಿ 50 ತಂಡಗಳ 942 ಆಟಗಾರರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಾರ್ಡಿಕ್ ಮಾಡಿದ ಗುಂಪಿನಲ್ಲಿ ಹಿಂತೊಡೆಯ ಗಾಯಗಳು 15. ಮಾಡದ ಗುಂಪಿನಲ್ಲಿ 52. ಇಷ್ಟು ಅಗ್ಗದ, ಇಷ್ಟು ಸರಳವಾದ ವ್ಯಾಯಾಮದಿಂದ ಇಷ್ಟು ದೊಡ್ಡ ಫಲ ಸಿಗುವುದು ಕ್ರೀಡೆಯಲ್ಲಿ ಅಪರೂಪ. ಹೀಗಿದ್ದೂ ನಮ್ಮ ಎಷ್ಟೋ ಮೈದಾನಗಳಲ್ಲಿ ಇದು ಕಾಣುವುದೇ ಇಲ್ಲ ಎಂಬುದು ನನಗೆ ನೋವಿನ ವಿಷಯ.

ಕ್ರಮ ಹೀಗಿದೆ. ಮಡಿಸಿದ ಟವೆಲ್ ಮೇಲೆ ಮಂಡಿಯೂರಬೇಕು. ಜೊತೆಗಾರ ಹಿಂದೆ ಕುಳಿತು ಎರಡೂ ಹಿಮ್ಮಡಿಗಳ ಮೇಲ್ಭಾಗವನ್ನು, ತನ್ನ ಮೈಭಾರ ಹಾಕಿ, ನೆಲಕ್ಕೆ ಒತ್ತಿ ಹಿಡಿಯಬೇಕು. ಹಿಡಿತ ಸಡಿಲವಿದ್ದರೆ ಮಾಡುವವನಿಗೆ ಧೈರ್ಯ ಬರುವುದಿಲ್ಲ, ಧೈರ್ಯವಿಲ್ಲದೆ ಸ್ನಾಯು ಪೂರ್ತಿ ಬಲ ಹಾಕುವುದಿಲ್ಲ. ಆದ್ದರಿಂದ ಜೋಡಿಗಳನ್ನು ತೂಕ ನೋಡಿ ಮಾಡಿ. ಮಂಡಿಯಿಂದ ಭುಜದವರೆಗೆ ಮೈ ಒಂದೇ ಗೆರೆಯಲ್ಲಿರಬೇಕು. ಹಾಗೆಯೇ ಮುಂದಕ್ಕೆ ವಾಲುತ್ತ, ಬೀಳುವುದನ್ನು ಹಿಂತೊಡೆಯಿಂದ ಆದಷ್ಟು ಹೊತ್ತು ತಡೆಯಬೇಕು. ಇನ್ನು ಸಾಧ್ಯವಿಲ್ಲ ಎನ್ನುವಾಗ ಎರಡೂ ಅಂಗೈಗಳಿಂದ ನೆಲ ಹಿಡಿದು, ಕೈಯಿಂದಲೇ ನೂಕಿ ಮೊದಲಿನ ಸ್ಥಿತಿಗೆ ಮರಳಬೇಕು. ಮೇಲೇಳುವಾಗ ಕಾಲಿನಿಂದ ಎಳೆಯುವ ಅಗತ್ಯವಿಲ್ಲ.

ಮೊದಲ ದಿನ ಬಹುತೇಕ ಎಲ್ಲರೂ ಮಾಡುವ ತಪ್ಪು ಒಂದೇ: ಎರಡು ಗೇಣು ವಾಲುವಷ್ಟರಲ್ಲಿ ಸೊಂಟ ಮಡಿದು ಪೃಷ್ಠ ಹಿಂದಕ್ಕೆ ಹೋಗುತ್ತದೆ. ಆಗ ಭಾರ ಹಿಂತೊಡೆಯಿಂದ ತಪ್ಪಿಸಿಕೊಳ್ಳುತ್ತದೆ. ‘ಹೊಟ್ಟೆ ಬಿಗಿ, ಸೊಂಟ ಮುಂದೆ’ ಎಂದು ಹೇಳುತ್ತಿರಿ. ಆಗದಿದ್ದರೆ ಪೂರ್ತಿ ಇಳಿಸಲು ಒತ್ತಾಯಿಸಬೇಡಿ. ಎದೆಯ ಮುಂದೆ ಒಂದು ಬೆಂಚು ಅಥವಾ ಪೇರಿಸಿದ ಟೈರ್ ಇಟ್ಟು, ಅಲ್ಲಿಯವರೆಗೆ ಮಾತ್ರ ವಾಲಲಿ. ಇನ್ನೊಂದು ಉಪಾಯ: ಪಕ್ಕದಿಂದ ಮೊಬೈಲ್‌ನಲ್ಲಿ ಚಿತ್ರೀಕರಿಸಿ, ಯಾವ ಕೋನದಲ್ಲಿ ಹಿಡಿತ ತಪ್ಪಿ ಧೊಪ್ಪನೆ ಬೀಳುತ್ತಾನೆ ಎಂಬುದನ್ನು ತೋರಿಸಿ. ಮುಂದಿನ ವಾರ ಆ ಕೋನ ಇನ್ನಷ್ಟು ಕೆಳಗೆ ಹೋಗಿರುವುದನ್ನು ಕಂಡಾಗ ಹುಡುಗರ ಮುಖದಲ್ಲಿ ಮೂಡುವ ಉತ್ಸಾಹ ಯಾವ ಭಾಷಣದಿಂದಲೂ ಬರುವುದಿಲ್ಲ.

ಪ್ರಮಾಣ: ಮೂರನೇ ವಾರ 3 ಬಾರಿಯ 2 ಸುತ್ತು. ನಾಲ್ಕನೇ ವಾರ 4 ಬಾರಿಯ 2 ಸುತ್ತು. ಐದು ಮತ್ತು ಆರನೇ ವಾರ 5 ಬಾರಿಯ 2 ಸುತ್ತು. ಏಳರಿಂದ ಹತ್ತನೇ ವಾರದವರೆಗೆ 5 ಬಾರಿಯ 3 ಸುತ್ತು. ಸುತ್ತುಗಳ ನಡುವೆ 2 ನಿಮಿಷ ಬಿಡುವು. ಜೋಡಿ ಅದಲುಬದಲಾಗುವಷ್ಟರಲ್ಲಿ ಅದು ತಾನಾಗಿ ಸಿಗುತ್ತದೆ. 2004ರಲ್ಲಿ ಪ್ರಕಟವಾದ ನಾರ್ವೆಯ ಮೂಲ ಕಾರ್ಯಕ್ರಮ ವಾರಕ್ಕೆ ಮೂರು ದಿನ, 12, 10, 8 ಬಾರಿಯ ಮೂರು ಸುತ್ತುಗಳವರೆಗೆ ಹೋಗುತ್ತಿತ್ತು. ಬೆಳೆಯುವ ಮಕ್ಕಳಿಗೆ ಅಷ್ಟು ಬೇಡ. ಕಡಿಮೆ ಪ್ರಮಾಣದಲ್ಲಿ ಮಾಡಿದವರ ಸ್ನಾಯು ಎಳೆಗಳೂ ಹೆಚ್ಚು ಮಾಡಿದವರಷ್ಟೇ ಉದ್ದವಾಗುತ್ತವೆ ಎಂಬುದು ಆಮೇಲಿನ ಸಂಶೋಧನೆಯಿಂದ ಕಂಡುಬಂದಿದೆ.

ಹಂತ 5: ತೊಡೆಸಂದು ಮತ್ತು ಮೀನಖಂಡ

ಪಕ್ಕಕ್ಕೆ ಮಲಗಿ, ಮೇಲಿನ ಕಾಲನ್ನು ಜೊತೆಗಾರ ಸೊಂಟದ ಎತ್ತರದಲ್ಲಿ ಹಿಡಿದಿರುವಾಗ, ಮೊಣಕೈ ಊರಿ ಮೈ ಎತ್ತಿ, ನಿಧಾನವಾಗಿ ಇಳಿಸುವುದು ಕೋಪನ್‌ಹೇಗನ್ ವ್ಯಾಯಾಮ. ನಾರ್ವೆಯ ತಂಡಗಳಲ್ಲಿ ಇದರಿಂದ ತೊಡೆಸಂದಿನ ತೊಂದರೆಯ ಅಪಾಯ ಶೇ 41ರಷ್ಟು ತಗ್ಗಿತು ಎಂದು 2019ರ ಅಧ್ಯಯನ ಹೇಳುತ್ತದೆ. ಮಕ್ಕಳಲ್ಲಿ ಪಾದ ಹಿಡಿಯದೆ ಮಂಡಿಯ ಬಳಿ ಹಿಡಿದು ಆರಂಭಿಸಿ. ಪ್ರತಿ ಬದಿಗೆ 4ರಿಂದ 6 ಬಾರಿ, ಮೂರು ಎಣಿಸುತ್ತ ಇಳಿಯಲಿ.

ಮೀನಖಂಡಕ್ಕೆ ಮೆಟ್ಟಿಲ ಅಂಚಿನಲ್ಲಿ ಎರಡೂ ಕಾಲಿನಿಂದ ತುದಿಗಾಲಿಗೆ ಏರಿ, ಒಂಟಿ ಕಾಲಿನಲ್ಲಿ ಹಿಮ್ಮಡಿ ಮೆಟ್ಟಿಲಿಗಿಂತ ಕೆಳಗೆ ಹೋಗುವವರೆಗೆ ಇಳಿಯುವುದು. ಪ್ರತಿ ಕಾಲಿಗೆ 8 ಬಾರಿ. ಹಿಮ್ಮಡಿ ನೋವಿರುವವರು ಇದನ್ನು ಬಿಡಲಿ.

ಹಂತ 6: ಇಳಿತದಿಂದ ನೆಗೆತಕ್ಕೆ

ಚಿಮ್ಮುವ ಶಕ್ತಿ ಬರುವುದು ಇಲ್ಲಿ. ನೆಗೆಯುವ ಮುನ್ನ ನಾವು ತುಸು ಕುಸಿಯುತ್ತೇವಲ್ಲ, ಆಗ ಸ್ನಾಯುರಜ್ಜುಗಳು ಎಳೆದುಕೊಂಡು ಶಕ್ತಿ ಕೂಡಿಡುತ್ತವೆ. ಆ ಕುಸಿತವನ್ನು ಬೇಗ ಮತ್ತು ಬಿಗಿಯಾಗಿ ತಡೆಯಬಲ್ಲವರಿಗೆ ಕೂಡಿಟ್ಟ ಶಕ್ತಿ ಪೂರ್ತಿ ಸಿಗುತ್ತದೆ. ಕುಸಿದಲ್ಲೇ ತಡಮಾಡಿದರೆ ಅದು ಸೋರಿಹೋಗುತ್ತದೆ. ಹಾಗಾಗಿ ನೆಗೆತದ ಅಭ್ಯಾಸಕ್ಕೆ ಮುನ್ನ ಇಳಿತದ ಅಭ್ಯಾಸ ನಡೆಯಬೇಕು.

ಮೂರು ಮತ್ತು ನಾಲ್ಕನೇ ವಾರ 20 ಸೆಂಟಿಮೀಟರ್ ಎತ್ತರದಿಂದ ಹೆಜ್ಜೆಯಿಟ್ಟು ಇಳಿದು, ಎರಡೂ ಕಾಲಿನ ಮೇಲೆ ಮೂರು ಸೆಕೆಂಡು ಕಲ್ಲಿನಂತೆ ನಿಲ್ಲಲಿ. ಕಿವಿಗೊಟ್ಟು ಕೇಳಿ: ‘ಧಡ್’ ಎಂದು ಸದ್ದಾದರೆ ಮಂಡಿ ಮತ್ತು ಸೊಂಟ ಮಡಿಯುತ್ತಿಲ್ಲ. ಸದ್ದಿಲ್ಲದೆ ಇಳಿಯಲು ಹೇಳಿದರೆ ಸಾಕು, ಅರ್ಧದಷ್ಟು ಮಕ್ಕಳ ಇಳಿತ ತಾನಾಗಿ ಸರಿಹೋಗುತ್ತದೆ. 5 ಬಾರಿಯ 2 ಸುತ್ತು. ಐದು ಮತ್ತು ಆರನೇ ವಾರ ಮುಂದಕ್ಕೆ ನೆಗೆದು ಒಂಟಿ ಕಾಲಿನ ಮೇಲೆ ಇಳಿಯುವುದು, ಆಮೇಲೆ ಪಕ್ಕಕ್ಕೆ ನೆಗೆದು ಇಳಿಯುವುದು. ಏಳನೇ ವಾರದಿಂದ ಇಳಿದ ಕೂಡಲೇ ಮೇಲಕ್ಕೆ ಚಿಮ್ಮುವುದು. ಒಂಟಿ ಕಾಲಿನ ಇಳಿತದ ಕೊನೆಗೆ ನೀವು ಎಸೆದ ಚೆಂಡನ್ನು ಇನ್ನೊಂದು ಕಾಲಿನಿಂದ ಮರಳಿಸುವುದು. ಒಂದು ದಿನದ ಒಟ್ಟು ಇಳಿತಗಳು 40 ದಾಟದಿರಲಿ. ಬೇಸಿಗೆಯಲ್ಲಿ ಕಾಂಕ್ರೀಟಿನಂತೆ ಗಟ್ಟಿಯಾಗುವ ನಮ್ಮ ಕೆಮ್ಮಣ್ಣಿನ ಮೈದಾನಗಳಲ್ಲಿ 30 ಸಾಕು.

ಜೊತೆಗೆ ನಿಲ್ಲುವ ಓಟವೂ ಇರಲಿ. 10 ಮೀಟರ್ ಓಡಿ, ಗುರುತು ಹಾಕಿದ ಮೂರು ಮೀಟರಿನೊಳಗೆ ನಿಲ್ಲಬೇಕು. ಮಂಡಿ ಗಟ್ಟಿ ಮಾಡಿಕೊಂಡು ಒಂದೇ ದೊಡ್ಡ ಹೆಜ್ಜೆಯಲ್ಲಿ ನಿಲ್ಲಲು ಬಿಡಬೇಡಿ. ಸೊಂಟ ತಗ್ಗಿಸಿ, ಚಿಕ್ಕ ಚಿಕ್ಕ ಹೆಜ್ಜೆಗಳಲ್ಲಿ ವೇಗ ಕಳೆದುಕೊಳ್ಳಲಿ. ಮೊದಲು ಶೇ 60ರಷ್ಟು ವೇಗ, ಕೊನೆಯ ವಾರಗಳಲ್ಲಿ ಪೂರ್ಣ ವೇಗ.

ಹುಡುಗಿಯರ ತಂಡಗಳಲ್ಲಿ ಈ ಹಂತವನ್ನು ಅವಸರದಲ್ಲಿ ಮುಗಿಸಲೇಬೇಡಿ. ಮಂಡಿಯೊಳಗಿನ ಮುಂಭಾಗದ ಅಡ್ಡರಜ್ಜು ಹರಿಯುವ ಅಪಾಯ ಅವರಲ್ಲಿ ಹೆಚ್ಚು. ಇಳಿಯುವಾಗ ಮಂಡಿ ಒಳಗೆ ವಾಲುವುದು ಅದಕ್ಕೆ ಒಂದು ಕಾರಣ. ಬಲ, ಸಮತೋಲನ, ಇಳಿತ ಮೂರನ್ನೂ 20 ನಿಮಿಷದ ವಾರ್ಮಪ್‌ನಲ್ಲಿ ಸೇರಿಸಿರುವ ಫಿಫಾ 11+ ಕಾರ್ಯಕ್ರಮವನ್ನು ನಾರ್ವೆಯ 13ರಿಂದ 17 ವರ್ಷದ 1,892 ಆಟಗಾರ್ತಿಯರ ನಡುವೆ ಪರೀಕ್ಷಿಸಿದಾಗ ತೀವ್ರ ಗಾಯಗಳು ಸುಮಾರು ಅರ್ಧಕ್ಕೆ ಇಳಿದವು. 2008ರಲ್ಲೇ ಪ್ರಕಟವಾದ ಫಲಿತಾಂಶ ಇದು. ನಮ್ಮ ಶಾಲಾ ತಂಡಗಳ ಹುಡುಗಿಯರಿಗೆ ಅದು ಇನ್ನೂ ತಲುಪದಿರುವುದಕ್ಕೆ ಯಾವ ನೆಪವೂ ಸಲ್ಲದು.

ಹಂತ 7: ವಾರದೊಳಗೆ ಎಲ್ಲಿ?

ಭಾನುವಾರ ಪಂದ್ಯವಿದ್ದರೆ ಮಂಗಳವಾರ ಪೂರ್ಣ ಪ್ರಮಾಣ, ಗುರುವಾರ ಅದರ ಮೂರನೇ ಎರಡು ಭಾಗ. ಶುಕ್ರವಾರ, ಶನಿವಾರ ಏನೂ ಬೇಡ. ಇಳಿತ ಮತ್ತು ನೆಗೆತವನ್ನು ತರಬೇತಿಯ ಆರಂಭದಲ್ಲಿ, ಕಾಲು ದಣಿಯುವ ಮೊದಲೇ ಮಾಡಿಸಿ. ನಾರ್ಡಿಕ್ ಮತ್ತು ಕೋಪನ್‌ಹೇಗನ್ ಕೊನೆಯಲ್ಲಿರಲಿ. ಹಿಂತೊಡೆ ದಣಿದ ಮೇಲೆ ಸ್ಪ್ರಿಂಟ್ ಮಾಡಿಸುವುದು ಗಾಯಕ್ಕೆ ಆಹ್ವಾನ. ಆರಂಭಕ್ಕೆ ಏಪ್ರಿಲ್, ಮೇ ತಿಂಗಳ ರಜೆಯೇ ಒಳ್ಳೆಯ ಕಾಲ. ಪಂದ್ಯಗಳ ಒತ್ತಡವಿರುವುದಿಲ್ಲ, ಮೊದಲ ವಾರಗಳ ಮೈನೋವು ಯಾರ ಆಟವನ್ನೂ ಕೆಡಿಸುವುದಿಲ್ಲ. ಬಿಸಿಲಿನ ಕಾರಣಕ್ಕೆ ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳಿ.

ಊಟದ ವಿಷಯಕ್ಕೆ ದುಬಾರಿ ಪುಡಿಗಳ ಹಂಗು ಬೇಡ. ಮೊಟ್ಟೆ, ಹಾಲು, ಮೊಸರು, ಮೊಳಕೆ ಕಾಳು, ರಾಗಿ ಮುದ್ದೆ, ಹೊಟ್ಟೆ ತುಂಬುವಷ್ಟು. ಅದಕ್ಕಿಂತ ಮುಖ್ಯ ನಿದ್ದೆ; ಈ ವಯಸ್ಸಿಗೆ 8ರಿಂದ 10 ಗಂಟೆ ಬೇಕು.

ಯಾವಾಗ ನಿಲ್ಲಿಸಬೇಕು?

ತೊಡೆಯಿಡೀ ಹರಡಿಕೊಂಡ, ಎರಡೂ ಕಾಲಿನಲ್ಲಿ ಸಮವಾಗಿರುವ, ನಡೆದಾಡಿದಂತೆ ಸಡಿಲವಾಗುವ ನೋವು ಸಾಮಾನ್ಯ. ಬೆರಳಿಟ್ಟು ತೋರಿಸಬಹುದಾದ ನೋವು ಬೇರೆ. ಮಂಡಿಯ ಕೆಳಗೆ ಮೊಳಕಾಲಿನ ಮುಂದಿನ ಉಬ್ಬಿನಲ್ಲಿ, ಅಥವಾ ಹಿಮ್ಮಡಿಯ ಹಿಂಭಾಗದಲ್ಲಿ ನೋವಿದ್ದರೆ ಅದು ಬೆಳೆಯುತ್ತಿರುವ ಮೂಳೆಯ ಭಾಗ ಬಳಲಿರುವ ಸೂಚನೆ. ನೆಗೆತ ನಿಲ್ಲಿಸಿ, ಭಾರ ತಗ್ಗಿಸಿ, ಮೂಳೆ ವೈದ್ಯರಿಗೋ ಫಿಸಿಯೋಥೆರಪಿಸ್ಟ್‌ಗೋ ತೋರಿಸಿ. ಓಡುವಾಗ ಅಥವಾ ಒದೆಯುವಾಗ ಪೃಷ್ಠದ ಕೆಳಗೋ ಸೊಂಟದ ಮುಂದೋ ‘ಟಕ್’ ಎಂದು ನೋವು ಬಂದರೆ ಎಕ್ಸ್‌ರೇ ತಪ್ಪಿಸಬೇಡಿ. ದೊಡ್ಡವರಲ್ಲಿ ಸ್ನಾಯು ಹರಿಯುವ ಕಡೆ ಮಕ್ಕಳಲ್ಲಿ ಮೂಳೆಯ ಚೂರೇ ಕಿತ್ತು ಬರಬಹುದು. ಅದನ್ನು ಎಣ್ಣೆ ಹಚ್ಚಿ ತಿಕ್ಕಿಸುವುದು ಹಾನಿಕರ.

ಒಂದು ಮಾತನ್ನು ಒತ್ತಿ ಹೇಳಬೇಕು. ತಡವಾಗಿ ಬಂದದ್ದಕ್ಕೆ, ಪಂದ್ಯ ಸೋತದ್ದಕ್ಕೆ ನೂರಾರು ಬಸ್ಕಿಯ ಶಿಕ್ಷೆ ಕೊಡುವ ಪದ್ಧತಿ ಕೊನೆಯಾಗಬೇಕು. ಅಭ್ಯಾಸವಿಲ್ಲದ ಸ್ನಾಯುವಿನ ಮೇಲೆ ಒಮ್ಮೆಲೇ ಅಷ್ಟು ಹೊರೆ ಬಿದ್ದರೆ ಸ್ನಾಯು ಕೋಶಗಳು ಒಡೆದು, ಅದರ ಅಂಶಗಳು ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹಾನಿಯಾಗಬಹುದು. ವ್ಯಾಯಾಮದ ನಂತರ ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ, ತೊಡೆ ಊದಿಕೊಂಡು ಮುಟ್ಟಲಾಗದಷ್ಟು ನೋಯುತ್ತಿದ್ದರೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಹತ್ತನೇ ವಾರದ ನಂತರ

ಎರಡು ದಿನ ಪೂರ್ಣ ಬಿಡುವು ಕೊಟ್ಟು, ಎರಡನೇ ಹಂತದ ಅಳತೆಗಳನ್ನು ಅದೇ ನೆಲದಲ್ಲಿ, ಅದೇ ಶೂ ಹಾಕಿಸಿ ಮತ್ತೆ ತೆಗೆದುಕೊಳ್ಳಿ. ನೆಗೆತದ ದೂರಕ್ಕಿಂತ ಮೊದಲು ಎಡ ಮತ್ತು ಬಲ ಕಾಲುಗಳ ಅಂತರವನ್ನು ನೋಡಿ. ಅದು ಕಿರಿದಾಗಿದ್ದರೆ ಕೆಲಸ ಸರಿಯಾದ ದಾರಿಯಲ್ಲಿದೆ. ದೂರ ಹೆಚ್ಚಾಗಿ ಅಂತರವೂ ಹೆಚ್ಚಿದ್ದರೆ ಮುಂದಿನ ನಾಲ್ಕು ವಾರ ಮೆಟ್ಟಿಲಿನ ಇಳಿತ ಮತ್ತು ಒಂಟಿ ಕಾಲಿನ ಬಾಗುವಿಕೆಗೇ ಮರಳಿ. ಮಕ್ಕಳು ಈ ನಡುವೆ ಬೆಳೆದಿರುತ್ತಾರೆ ಎಂಬುದನ್ನೂ ಮರೆಯದೆ ಎತ್ತರ ಮತ್ತು ಕಾಲಿನ ಉದ್ದವನ್ನು ಹೊಸದಾಗಿ ಅಳೆಯಿರಿ, ಇಲ್ಲದಿದ್ದರೆ ವೈ ಪರೀಕ್ಷೆಯ ಅಂಕ ತಪ್ಪಾಗುತ್ತದೆ.

ಪಂದ್ಯಗಳ ಕಾಲದಲ್ಲಿ ವಾರಕ್ಕೆ ಒಂದು ದಿನ ಸಾಕು: ನಾರ್ಡಿಕ್ 4 ಬಾರಿಯ 2 ಸುತ್ತು, ಕೋಪನ್‌ಹೇಗನ್ ಒಂದು ಸುತ್ತು, ಮೆಟ್ಟಿಲಿನ ಇಳಿತ ಒಂದು ಸುತ್ತು, ನೆಗೆದು ಇಳಿಯುವುದು ಹತ್ತು ಬಾರಿ. ಎಲ್ಲ ಸೇರಿ ಹದಿನೈದು ನಿಮಿಷ. ಪೂರ್ತಿ ಬಿಟ್ಟುಬಿಟ್ಟರೆ ಹಿಂತೊಡೆಯ ಎಳೆಗಳು ಗಳಿಸಿದ ಉದ್ದ ಕೆಲವೇ ವಾರಗಳಲ್ಲಿ ಕುಗ್ಗುತ್ತದೆ. ಪರೀಕ್ಷೆಯ ರಜೆಯಲ್ಲೋ ಜ್ವರದಿಂದಲೋ ಮೂರು ವಾರ ತಪ್ಪಿಸಿಕೊಂಡವರನ್ನು ಹತ್ತನೇ ವಾರದ ಪ್ರಮಾಣಕ್ಕೆ ನೇರವಾಗಿ ಸೇರಿಸದೆ, ನಾಲ್ಕನೇ ವಾರದ ಪ್ರಮಾಣದಿಂದ ಮತ್ತೆ ಆರಂಭಿಸಿ.